ಗುಳುಮನ ಅರ್ಧ ಕಿತ್ತಳೆ

ಕಿತ್ತಳೆಯ ವಾಸನೆ, ಎಲ್ಲಿಂದ ಬಂತು ಇದು, ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದು ಬಾಗಿಲಿಗೆ ರಬ್ಬರು ಹಚ್ಚಿದ ಈ ರೆಕಾರ್ಡಿಂಗ್ ಕೋಣೆಯೊಳಗೆ ಸೊಳ್ಳೆಯೂ ಅಪ್ಪಣೆ ಕೇಳಿ ಬರಬೇಕು, ಆದರೂ ಬಂದಿದೆ, ಮೂಗಿಗಲ್ಲ, ನೇರ ಅಂಗೈಗೆ — ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಆಮೇಲೆ ಕಂಡಿತು, ಮೈಕಿನ ಕೆಳಗೆ ಮೇಜು, ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಸುಲಿದ ಕಿತ್ತಳೆ, ನಿರ್ದೇಶಕನೇ ಇಟ್ಟಿದ್ದಾನೆ, ಗುಳುಮ ಏನಾದ್ರೂ ತಿಂತಾನೇ ಮಾತಾಡೋದಲ್ವಾ ಸರಿಯಣ್ಣ, ನೀವೂ ತಿಂತಾ ಮಾತಾಡಿ, ಕೇಳೋರಿಗೆ ವ್ಯತ್ಯಾಸ ಗೊತ್ತಾಗ್ಬಾರ್ದು. ಗೊತ್ತಾಗಬಾರದಂತೆ, ಮುಠ್ಠಾಳ, ಸತ್ತವನಿಗೂ ಇದ್ದವನಿಗೂ ವ್ಯತ್ಯಾಸ ಇಲ್ಲದ ಹಾಗೆ ಮಾಡೋಕೆ ಇವನೊಬ್ಬ ಹುಟ್ಟಿ ಬಂದ. ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಮಕ್ಕಳ ನಾಟಕ, ಮೂರೇ ಪಾತ್ರ, ಕಂಡದ್ದೆಲ್ಲ ಬೇಕೆನ್ನುವ ಗುಳುಮ, ಏನು ಕೇಳಿದರೂ ಬೇಡವೆನ್ನುವ ಗದರಜ್ಜಿ, ಇಬ್ಬರ ನಡುವೆ ಸಿಕ್ಕಿಕೊಂಡು ಸರಿ, ಒಂದ್ ಕೆಲ್ಸ ಮಾಡೋಣ ಎನ್ನುವ ಸರಿಯಣ್ಣ, ಆ ಮಾತು ಬಂತೆಂದರೆ ಜಗಳ ಮುಗಿಯಿತು, ಹಿಂದೆಯೇ ಪೀಪಿ ಡೋಲು, ಕಂತು ಖಲಾಸ್. ಬೀದಿಯಲ್ಲೂ ಅವನಿಗೆ ಅದೇ ಹೆಸರು, ಕ್ಷೌರದವನು ಕೂಡ, ಸರಿಯಣ್ಣ, ತಲೆ ಒಂಚೂರು ಬಗ್ಸಿ. ಇವತ್ತು ಕೊನೆಯ ಕಂತು. ಗುಳುಮನಾಗಿದ್ದವನು ಈಗಿಲ್ಲ, ಆ ದನಿಯನ್ನು ಸರಿಯಣ್ಣನೇ ಕೊಡಬೇಕು, ತನ್ನದನ್ನೂ ಕೊಡಬೇಕು, ಎದುರಿನ ಮೈಕಿನಲ್ಲಿ ಅಕ್ಕ, ಗದರಜ್ಜಿಯ ದನಿಯವಳು, ಕನ್ನಡಕ ಮೂಗಿನ ತುದಿಗೆ ಇಳಿಸಿ ಹಾಳೆ ನೋಡುತ್ತಿದ್ದಾಳೆ, ಅವನನ್ನಲ್ಲ, ಮೂರು ತಿಂಗಳಿಂದ ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು ಒಂದು ಮಾತು ಆಡಿಲ್ಲ ಅವನ ಜೊತೆ.

ಗಾಜಿನಾಚೆ ಗುಳುಮನ ಮಗಳು, ಅಪ್ಪನ ಹಾಗೇ ಅಗಲ ಹಣೆ, ಅಪ್ಪನ ಹಾಗೇ ಕಾಲು ಕುಣಿಸುವ ಚಟ, ಕಾಲೇಜಿಗೆಂದು ಅವಳು ಬರೆದ ಪ್ರಬಂಧ ಅವನ ಜೇಬಿನಲ್ಲಿ ಮಡಿಸಿ ಕೂತಿದೆ, ಕಾಗದ ಇಷ್ಟು ಭಾರ ಇರುತ್ತದೆಯೇ. ಕಥೆಗಳಲ್ಲಿ ಮೂವರು ಸುಮ್‌ಸುಮ್ನೆ ಬರಲ್ಲ ಚಿಕ್ಕಪ್ಪ, ಒಂದೇ ಮನಸ್ಸನ್ನ ಮೂರು ತುಂಡು ಮಾಡಿ ಮೂರು ಹೆಸರಿಟ್ಟಿರ್ತಾರೆ, ರಾಜ ಬೇಕು ಅಂತಾನೆ, ಗುರು ಬೇಡ ಅಂತಾನೆ, ಮಂತ್ರಿ ಹೇಗೋ ಸಂಭಾಳಿಸ್ತಾನೆ, ನಮ್ಮ ನಾಟಕದಲ್ಲಿ ಬೇಕು ಅನ್ನೋ ಅಪ್ಪ ಇಡ್, ಬೇಡ ಅನ್ನೋ ಅತ್ತೆ ಸೂಪರ್ ಈಗೋ, ನಡುವೆ ನೀವು ಈಗೋ. ಈಗೋ ಅಂದ್ರೆ ಜಂಬ ಅಲ್ವೇನೇ, ನಂಗೆಲ್ಲಿದೆ ಜಂಬ. ಅವಳು ನಕ್ಕಿದ್ದಳು, ಅಪ್ಪ ಹೋದ ಮೇಲೆ ಮೊದಲ ನಗು, ಅಷ್ಟಕ್ಕೇ ಅವನು ಮನೆಗೆ ಒಯ್ದು ಓದಿದ, ಹನ್ನೊಂದನೇ ಪುಟದವರೆಗೂ ಸಲೀಸು, ಹನ್ನೊಂದನೇ ಪುಟದಲ್ಲಿ ದುಂಡು ಅಕ್ಷರದಲ್ಲಿ, ನಡುವಿನವನು ಜೊತೆಗಿರುವವರೆಗೆ ಮೊದಲನೆಯವನಿಗೆ ಅಪಾಯವಿಲ್ಲ. ಸರಿಯಾಗಿದ್ಯಾ ಚಿಕ್ಕಪ್ಪ, ರೆಕಾರ್ಡಿಂಗ್ ಮುಗಿದ್ಮೇಲೆ ಹೇಳ್ಬಿಡಿ, ನಾಳೆ ಕೊಡ್ಬೇಕು. ಏನು ಹೇಳಲಿ, ಸರಿಯಾಗಿದೆ ಮಗಳೇ ಎನ್ನಲೇ, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಬದುಕಿದ ನಾಲಿಗೆ ಇದು, ಅದನ್ನೇ ಅನ್ನುತ್ತದೆ, ಥೂ.

ಮೂರು ತಿಂಗಳ ಹಿಂದೆ, ಮಟಮಟ ಮಧ್ಯಾಹ್ನ, ಸ್ಟುಡಿಯೋ ಹಿಂದಿನ ಕಲ್ಲುಕ್ವಾರಿ, ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ಹಸಿರು ನೀರು, ಗುಳುಮ ಅಂಗಿ ಬಿಚ್ಚಿ ಬಂಡೆಯ ಅಂಚಿನಲ್ಲಿ ನಿಂತಿದ್ದಾನೆ, ಬಾಯಿ ತುಂಬ ಕಿತ್ತಳೆ, ಸೆಖೆ ಕಣ್ರೋ, ಮೂರು ಸಲ ಹಾರಿ ಬರ್ತೀನಿ. ಅಕ್ಕ ಗದರಿದಳು, ಒಂದು ಸಲಾನೂ ಬೇಡ, ಒಳಗೆ ಎಂಥೆಂಥ ಕಲ್ಲಿದ್ಯೋ, ನಿನ್ನ ಹೊಟ್ಟೆ ನೋಡ್ಕೋ ಮೊದ್ಲು. ಹೊಟ್ಟೆ ಇದ್ರೇನೇ ತೇಲೋದು ಅಕ್ಕಾ. ಬೇಡ ಅಂದ್ರೆ ಬೇಡ. ಬೇಡ ಅಂದಷ್ಟೂ ಅವನಿಗೆ ಬೇಕು, ಇಬ್ಬರೂ ತಟ್ಟನೆ ಇವನ ಕಡೆ ತಿರುಗಿದರು, ಹಾಳು ಅಭ್ಯಾಸ, ಇಪ್ಪತ್ತೆರಡು ವರ್ಷದ ಅಭ್ಯಾಸ, ಇವನ ಬಾಯಿಯೂ ತಾನಾಗಿ ತೆರೆಯಿತು, ಸರಿ, ಒಂದ್ ಕೆಲ್ಸ ಮಾಡೋಣ, ಒಂದೇ ಒಂದ್ಸಲ ಹಾರ್ಲಿ. ಅಕ್ಕ ಬಂಡೆಯಿಂದ ಹಿಂದೆ ಸರಿದಳು. ಆ ಮಾತಿನ ಮೇಲೆ ಗದರಜ್ಜಿ ಎದುರು ಆಡಿದ್ದು ಯಾವ ಕಂತಿನಲ್ಲೂ ಇಲ್ಲ, ಅಲ್ಲಿಗೆ ಪೀಪಿ ಡೋಲು. ಗುಳುಮ ಉಳಿದರ್ಧ ಕಿತ್ತಳೆಯನ್ನು ಇವನ ಕೈಗೆ ತುರುಕಿದ, ಹಿಡ್ಕೊಳೋ, ಬಂದು ತಿಂತೀನಿ, ನುಂಗಿಗಿಂಗಿಬಿಟ್ಟೀಯ — ಹಾರಿದ, ನೀರಿನ ಮೇಲೆ ಸುತ್ತು, ಸುತ್ತಿನ ಮೇಲೆ ಸುತ್ತು, ಅಗಲವಾಗಿ, ಇನ್ನೂ ಅಗಲವಾಗಿ, ಆಮೇಲೆ ಸುತ್ತೂ ಇಲ್ಲ. ಹಗ್ಗ ಬಿಟ್ಟು ಹೆಣ ಮೇಲೆ ಎತ್ತಿದಾಗಲೂ ಆ ಅರ್ಧ ಕಿತ್ತಳೆ ಇವನ ಅಂಗೈಯಲ್ಲೇ ಇತ್ತು.

ಅಕ್ಕ ಹೇಳಿದ್ದು ಬೇರೆ. ಪೋಲೀಸರ ಮುಂದೆ, ಗುಳುಮನ ಹೆಂಡತಿಯ ಮುಂದೆ, ಈ ಹುಡುಗಿಯ ಮುಂದೆ, ನಾವಿಬ್ರೂ ಬೇಡ ಅಂದ್ವಿ, ಅವ್ನು ಕೇಳ್ಲಿಲ್ಲ. ಎರಡು ನಿಮಿಷ ತಡವಾದರೆ ಹಾಜರಿ ಪುಸ್ತಕದಲ್ಲಿ ಎರಡು ನಿಮಿಷ ತಡ ಎಂದೇ ಬರೆಯುವ ಹೆಂಗಸು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಅವನನ್ನು ಉಳಿಸಿದಳು, ಉಳಿಸಿ ಮಾತು ಬಿಟ್ಟಳು. ಇದಕ್ಕೆ ಯಾವ ಪುಟದಲ್ಲಿ ಜಾಗ ಇದೆ ಮಗಳೇ, ಗುರು ಸುಳ್ಳು ಹೇಳಿದರೆ, ಮಂತ್ರಿಯೇ ರಾಜನನ್ನು ತಳ್ಳಿದರೆ, ನಯವಾಗಿ, ಇಬ್ಬರಿಗೂ ಬೇಜಾರಾಗದ ಹಾಗೆ ತಳ್ಳಿದರೆ — ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿಲ್ಲ, ಮೂರು ತಿಂಗಳಿಂದ ಹೆಗಲು ಮುಟ್ಟಿ ಮುಟ್ಟಿ ಚರ್ಮ ಕಿತ್ತುಹೋಗಿದೆ.

ಕೆಂಪು ದೀಪ ಹತ್ತಿತು. ಒಂದು ತೊಳೆ ಬಾಯಿಗೆ, ಹುಳಿ, ಬೀಜ, ಅಜ್ಜೀ ಒಂದೇ ಒಂದು ಕೊಡೇ, ಅಯ್ಯೋ, ಅವನದೇ ದನಿ, ಗಂಟಲಿನಿಂದ ಗುಳುಮನೇ ಎದ್ದು ಬಂದ, ಗಾಜಿನಾಚೆ ಹುಡುಗಿ ಕಣ್ಣು ಮುಚ್ಚಿ ಅಂಗೈಯನ್ನು ಗಾಜಿಗೆ ಒತ್ತಿದಳು, ಕುಣಿಯುತ್ತಿದ್ದ ಕಾಲು ನಿಂತಿತು. ಬೇಡ ಅಂದ್ರೆ ಬೇಡ, ಅಕ್ಕ ಓದಿದಳು, ಓದಿ, ಮೂರು ತಿಂಗಳಲ್ಲಿ ಮೊದಲ ಸಲ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಈಗ ಅವನ ಮಾತು. ಹಾಳೆಯಲ್ಲಿದೆ, ಬಾಯಿಪಾಠ ಇದೆ, ನಿರ್ದೇಶಕ ಗಾಜಿನಾಚೆ ಕೈ ಬೀಸುತ್ತಿದ್ದಾನೆ, ಹೇಳಿ ಹೇಳಿ, ಸರಿ, ಸರಿ, ಒಂದ್ — ಕೈ ಖಾಲಿ, ಆದರೂ ಅಂಗೈ ಒದ್ದೆ, ರಸ ಮುಂಗೈ ದಾಟಿ ಮೊಣಕೈಗೆ ಇಳಿಯುತ್ತಿದೆ, ಹಿಡ್ಕೊಳೋ, ಬಂದು ತಿಂತೀನಿ, ಅರ್ಧ ಕಿತ್ತಳೆ, ಬಿಳಿ ನಾರು, ಆರು ತೊಳೆ, ಅಂಗೈಯಲ್ಲಿ ಆರು ತೊಳೆ, ಆರೂ ಹಾಗೇ —