ಹಸುವಿಗೆ ಹೇಳಿದ ಮಾತು

ಗೋದಾಮಿನ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟಿದ್ದರು. ಅಲ್ಲಿ ಕಾಳು ತುಂಬುವುದು ನಿಂತು ಎಷ್ಟೋ ಕಾಲವಾಗಿದ್ದರೂ ಗೋಣಿಚೀಲದ ವಾಸನೆ ಹೋಗಿರಲಿಲ್ಲ. ಹಳೆಯ ಜನಪದ ಹಾಡುಗಳನ್ನು ಹೊಸ ಬಗೆಯಲ್ಲಿ ನುಡಿಸುವ ಕೆಲವರು ಸೇರಿ, ಪಟ್ಟಣದ ಸಭಾಂಗಣ ಬೇಡ, ಯಾವುದಾದರೂ ಹಳ್ಳಿಯಲ್ಲೇ ಒಂದು ಸಂಜೆ ಕಛೇರಿ ಮಾಡೋಣ ಎಂದು ಮಾತಾಡಿಕೊಂಡಾಗ, ಅವರಲ್ಲೊಬ್ಬಳಾದ ತಂಗಿಯೇ ಮುಂದೆ ಬಿದ್ದು ಅಕ್ಕ ಮದುವೆಯಾಗಿ ಸೇರಿದ ಊರನ್ನು ಸೂಚಿಸಿದ್ದಳು. ಭಾವ ಬಡಗಿ. ನಾದಿನಿಯ ಕಾರ್ಯಕ್ರಮವೆಂದು ಕೈಯಲ್ಲಿದ್ದ ಕೆಲಸ ಬದಿಗಿಟ್ಟು ವೇದಿಕೆ ಕಟ್ಟಿಕೊಟ್ಟಿದ್ದ. ಹತ್ತಿದರೆ ಕಿರುಗುಟ್ಟಬಾರದೆಂದು ಹಲಗೆ ಹಲಗೆಯ ಮೇಲೂ ಕುಣಿದು ನೋಡಿದ್ದ. ಬಡಗಿ ಕುಣಿಯುವುದನ್ನು ಊರು ಕಂಡದ್ದು ಅದೇ ಮೊದಲು.

ಮೊದಲು ನುಡಿಸಿದವನು ನೀರು ತುಂಬಿದ ಕೊಡಗಳನ್ನು ಬಡಿದ. ಆಮೇಲೆ ಬಂದವಳು ಗರಗಸಕ್ಕೆ ಪಿಟೀಲಿನ ಕಮಾನು ಹಾಕಿ ಎಳೆದಳು. ಮುಂದಿನ ಸಾಲಿನ ಮುದುಕರೊಬ್ಬರು ಸಾವಧಾನವಾಗಿ ಕೇಳಿ, ಶ್ರುತಿ ಮಾಡಿಕೊಂಡದ್ದಾಯಿತಲ್ಲ, ಇನ್ನು ಹಾಡು ಶುರು ಮಾಡಲಿ ಎಂದರಂತೆ. ಊರು ನಕ್ಕಿತು, ಆದರೆ ಯಾರೂ ಎದ್ದು ಹೋಗಲಿಲ್ಲ. ಕೊನೆಯ ಸರದಿ ತಂಗಿಯದು.

ಅವಳ ಬಳಿ ಇದ್ದದ್ದು ಒಂದು ಕಂಪ್ಯೂಟರು, ಪಕ್ಕದಲ್ಲಿ ಡೋಲು ಬಾರಿಸುವ ಜೊತೆಗಾರ, ಮತ್ತು ಅಕ್ಕನ ದನಿ. ಹಿಂದಿನ ಚಳಿಗಾಲದಲ್ಲಿ ಅಕ್ಕನ ಮನೆಗೆ ಬಂದಿದ್ದಾಗ, ಅಕ್ಕ ಹಾಲು ಕರೆಯುತ್ತಾ ಗುನುಗುವ ಹಾಡನ್ನು ಕೊಟ್ಟಿಗೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದಳು. ಅಮ್ಮನಿಂದ ಬಂದ ಹಾಡು ಅದು. ಅಕ್ಕ ಬೇಡವೆನ್ನಲಿಲ್ಲ. ರಾಗ ಬೇಕಾದರೆ ಇಟ್ಟುಕೋ, ನಡುವೆ ನಾನೇನಾದರೂ ಗೊಣಗಿದ್ದರೆ ಅದನ್ನು ತೆಗೆದುಹಾಕು ಎಂದಷ್ಟೇ ಹೇಳಿದ್ದಳು. ತಂಗಿ ಹೂಂ ಎಂದಿದ್ದಳು.

ತೆಗೆದುಹಾಕಲಿಲ್ಲ. ಹಾಡಿನ ನಡುವೆ ಹಸು ಕಾಲು ಜಾಡಿಸಿದಾಗ ಅಕ್ಕ ಆಡಿದ ಮಾತಿನಲ್ಲಿ ಒಂದು ಲಯವಿತ್ತು. ಅದನ್ನು ಕೇಳಿದಾಗಲೆಲ್ಲ ತಂಗಿಯ ಮೈ ಜುಮ್ಮೆನ್ನುತ್ತಿತ್ತು. ಹತ್ತಾರು ದನಿಗಳ ಕೆಳಗೆ ಹೂತುಬಿಟ್ಟರೆ ಮಾತು ಯಾರಿಗೂ ತಿಳಿಯುವುದಿಲ್ಲ, ಲಯ ಮಾತ್ರ ಉಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಆ ಸಂಜೆ ಹಾಡು ಶುರುವಾಗುತ್ತಿದ್ದಂತೆ ಹೆಂಗಸರು ದನಿಯ ಗುರುತು ಹಿಡಿದು ಅಕ್ಕನ ಕಡೆ ತಿರುಗಿದರು. ಅಕ್ಕ ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾವ ಬೀಗುತ್ತಾ ಕೂತಿದ್ದ. ಇಡೀ ಗೋದಾಮು ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಅಂಥ ಮೌನ ತಂಗಿಗೆ ಯಾವ ಸಭಾಂಗಣದಲ್ಲೂ ಸಿಕ್ಕಿರಲಿಲ್ಲ. ಅದು ತಲೆಗೇರಿತು. ಅವಳು ಒಂದೊಂದೇ ದನಿಯನ್ನು ತಗ್ಗಿಸುತ್ತಾ ಬಂದಳು. ಡೋಲಿನವನಿಗೂ ನಿಲ್ಲಿಸುವಂತೆ ಕಣ್ಸನ್ನೆ ಮಾಡಿದಳು. ಕೊನೆಗೆ ಉಳಿದದ್ದು ಅಕ್ಕನ ಮಾತೊಂದೇ, ಕನ್ನಡಿಯಷ್ಟು ಸ್ಪಷ್ಟವಾಗಿ:

"ಒದಿ, ಒದಿ. ನಿಂಗಾದ್ರೂ ಒದೆಯೋಕೆ ಆಗುತ್ತೆ. ನಾನು ಈ ಮನೇಲಿ ಉಸಿರು ಬಿಡೋಕೂ ಕೇಳ್ಕೊಂಡೇ ಬಿಡ್ಬೇಕು."

ಮೊದಲ ಸಲ ಜನ ನಕ್ಕರು. ಕಂಪ್ಯೂಟರು ಅದನ್ನೇ ಮತ್ತೆ ಹೇಳಿತು. ಈ ಸಲ ನಗು ಅಲ್ಲೊಂದು ಇಲ್ಲೊಂದು ಕೇಳಿಸಿತು. ಮತ್ತೊಮ್ಮೆ ಹೇಳಿದಾಗ ಯಾರೂ ನಗಲಿಲ್ಲ. ಎಲ್ಲರೂ ಭಾವನ ಮುಖ ನೋಡುತ್ತಿದ್ದರು. ಅಕ್ಕನ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. ತಂಗಿ ತಡಬಡಾಯಿಸಿ ಎಲ್ಲವನ್ನೂ ನಿಲ್ಲಿಸಿದಳು. ಪಟ್ಟಣದಿಂದ ಬಂದವರು ಚಪ್ಪಾಳೆ ತಟ್ಟಿದರು. ಡೋಲಿನವನು ಅವಳ ಕಿವಿಯಲ್ಲಿ, ಆ ಮಾತೇ ಇವತ್ತಿನ ಜೀವ ಎಂದ. ಅವಳಿಗೆ ನೆಲ ಬಾಯ್ದೆರೆದರೆ ಸಾಕೆನಿಸಿತು.

ಜನ ಹೊರಗೆ ಚಹಾಕ್ಕೆ ಹೋದ ಮೇಲೆ ಭಾವ ವೇದಿಕೆಯ ಬಳಿ ಬಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನಿಮ್ಮಕ್ಕ ಅದನ್ನ ಯಾವಾಗ ಹೇಳಿದ್ದು?"

ತಂಗಿ ಹಿಂದೆ ಮುಂದೆ ನೋಡದೆ, "ಅಕ್ಕ ಹಾಗೆ ಹೇಳಿಲ್ಲ ಭಾವ. ಅಲ್ಲೊಂದು ಪದ ಇಲ್ಲೊಂದು ಪದ ಕತ್ತರಿಸಿ ನಾನೇ ಜೋಡಿಸಿದ್ದು. ನಮ್ಮ ಸಂಗೀತದಲ್ಲಿ ಹಾಗೆ ಮಾಡ್ತೀವಿ," ಎಂದಳು.

ಅವನ ಮುಖ ಸಡಿಲಾಯಿತು. ನೋಡಮ್ಮ, ಮೆಷಿನ್ನಿನ ಕೆಲಸವಂತೆ ಎಂದು ಇನ್ನೂ ಅಲ್ಲೇ ಕೂತಿದ್ದ ತಾಯಿಗೆ ಹೇಳಿದ. ಅವರು, ಇನ್ನೊಬ್ಬರ ಮನೆಯ ಮಾನ ತೆಗೆಯುವ ಮೆಷಿನ್ನು ಎಂದು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಬೈಗುಳಕ್ಕೆ ತಂಗಿ ಖುಷಿಯಿಂದಲೇ ತಲೆಬಾಗಿದಳು. ತಪ್ಪನ್ನು ತಾನು ಹೊತ್ತರೆ ಅಕ್ಕ ಬಚಾವಾದಳಲ್ಲ ಎಂದುಕೊಂಡಳು.

ಅಕ್ಕ ಕಂಬದ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು ತಂಗಿಯನ್ನೇ ನೋಡಿದಳು.

"ನಾನು ಹಸುವಿಗೆ ಹೇಳಿದ್ದನ್ನ ನೀನು ಊರಿಗೆಲ್ಲ ಕೇಳಿಸಿದೆ. ಈಗ ನಾನು ಹೇಳೇ ಇಲ್ಲ ಅಂತಿದ್ದೀಯ. ನನ್ನ ಮಾತು ನಂದು ಅನ್ನೋದೂ ಬೇಡ್ವಾ ನಿಂಗೆ?"

ಅಕ್ಕ ಗಂಡನ ಕಡೆ ತಿರುಗಿ, "ಹೇಳಿದ್ದು ನಾನೇ ರೀ. ಒಂದೊಂದು ಅಕ್ಷರವೂ ನಂದೇ," ಎಂದಳು.

ಅತ್ತೆ, ಏನಿದ್ದರೂ ಮನೆಯಲ್ಲಿ ಮಾತಾಡಿ, ನಡೀರಿ ಎಂದು ಎದ್ದರು. ಭಾವ, ನೀನು ಮುಂದೆ ಹೋಗಿರಮ್ಮ ಎಂದು ಹೇಳಿ ತಾನು ಕಟ್ಟಿದ ವೇದಿಕೆಯ ಅಂಚಿನಲ್ಲೇ ಕೂತ. ಅಕ್ಕನೂ ಕೂತಳು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ತಾನು ಬಟ್ಟೆ ಹೊಲಿಯುತ್ತಿದ್ದ ಮೂಲೆಕೋಣೆಗೆ ಅವನು ಒಂದು ಮಾತೂ ಕೇಳದೆ ಮರದ ತುಂಡು ತುಂಬಿಸಿದ ಸಂಗತಿಯಿಂದ ಶುರುಮಾಡಿದಳು. ಹೊಲಿಗೆ ಯಂತ್ರ ಇಂದಿಗೂ ಹಲಗೆಗಳ ಅಡಿಯಲ್ಲೇ ಇತ್ತು. ವೈರು ಸುತ್ತುತ್ತಾ ನಿಂತಿದ್ದ ತಂಗಿಯನ್ನು ಕಂಡು ಅಕ್ಕ ಮಾತು ನಿಲ್ಲಿಸಿದಳು.

"ನೀನು ಹೊರಗಿರು. ಇದು ನೀನು ಕೇಳಿಸ್ಕೊಳ್ಳೋದಲ್ಲ."

ತಂಗಿ ಅರ್ಧ ಸುತ್ತಿದ ವೈರನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ಯಾರೋ ಬಂದು ಕೈಕುಲುಕಿ, ಬಹಳ ಚೆನ್ನಾಗಿತ್ತು ಎಂದರು.

ಆಮೇಲೆ ಭಾವ ಆ ಕೋಣೆ ಖಾಲಿ ಮಾಡಿಸಿದನಂತೆ, ತುಕ್ಕು ಹಿಡಿದ ಹೊಲಿಗೆ ಯಂತ್ರಕ್ಕೆ ತಾನೇ ಎಣ್ಣೆ ಹಾಕಿದನಂತೆ. ಕೆಟ್ಟದ್ದರಲ್ಲೂ ಒಳ್ಳೆಯದಾಯಿತು ಬಿಡು ಎಂದು ಗೆಳತಿಯರು ತಂಗಿಗೆ ಸಮಾಧಾನ ಹೇಳಿದರು. ಆ ಸಮಾಧಾನ ಗಂಟಲಲ್ಲಿ ಇಳಿಯಲಿಲ್ಲ. ಒಳ್ಳೆಯದು ಮಾಡಿಕೊಂಡದ್ದು ಅಕ್ಕ. ತಾನು ಮಾಡಿದ್ದು ಬೇರೆಯೇ.

ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಇಟ್ಟ ಮೇಲೆ, ಕೊನೆಗೊಂದು ಸಂಜೆ ಕ್ಷಮಿಸು ಎಂದು ಕೇಳಿಯೇಬಿಟ್ಟಳು. ಅತ್ತ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಕೋಪ ಏನಿಲ್ಲ ಕಣೇ. ಆದ್ರೆ ನಿನ್ನ ಹತ್ರ ಮಾತಾಡೋವಾಗ ನಾನೀಗ ಅಳೆದು ತೂಗಿ ಮಾತಾಡ್ತೀನಿ. ಅದು ಹೋಗೋಕೆ ಟೈಮ್ ಬೇಕು," ಎಂದಳು ಅಕ್ಕ. ಆಮೇಲೆ ಊಟ ಆಯಿತಾ ಎಂದು ಕೇಳಿದಳು. ಆಯಿತು ಎಂದಳು ತಂಗಿ. ಆಗಿರಲಿಲ್ಲ.