ಗಣಪತರಾಯರ ಸ್ಟ್ರೆಚರ್

"ಏ ಭಗವಾನ್ಯಾ, ಅದೇನ್ ಜ್ವಾಳದ ಚೀಲ ಅಂದ್ಕೊಂಡಿಯೇನ್ಲೇ? ಪೇಶಂಟ್ ಅದಾನ ಮ್ಯಾಲ! ಕುತ್ತಿಗಿ ಹಿಡಿ, ಸೂಳೆಮಗನ!"

ಡಾಕ್ಟರ್ ಪಾಟಣಕರ್ ಇಷ್ಟು ಕಳಕಳಿಯಿಂದ ಕೂಗಿದ್ದು ಒಂದು ರಬ್ಬರ್ ಬೊಂಬೆಯ ಸಲುವಾಗಿ. ನಮ್ಮ ಆಸ್ಪತ್ರೆಯ ತುರ್ತು ವಾರ್ಡಿಗೆ ಮುಂಬಯಿಯಿಂದ ತಪಾಸಣೆಯವರು ಬರುವವರಿದ್ದರು. ಅಪಘಾತದ ರೋಗಿಯನ್ನು ನಾವೆಲ್ಲ ಕೂಡಿ ಹೇಗೆ ಉಳಿಸುತ್ತೇವೆಂದು ಅವರ ಮುಂದೆ ಆಡಿ ತೋರಿಸಬೇಕಿತ್ತು. ಚೆನ್ನಾಗಿ ಆಡಿದರೆ ವಿದರ್ಭದಲ್ಲೇ ಅತಿ ಸುರಕ್ಷಿತ ವಾರ್ಡ್ ಎಂಬ ಬಹುಮಾನ. ಬೊಂಬೆಗೆ ಗಣಪತರಾವ್ ಎಂದು ಡಾಕ್ಟರೇ ಹೆಸರಿಟ್ಟಿದ್ದರು. ಸ್ಟ್ರೆಚರ್ ದೂಡುತ್ತಲೇ ತಲೆ ನರೆತ ಭಗವಾನ್ ಖಂಡಾರೆ ಮಾತ್ರ ಭಗವಾನ್ಯಾ. ನೆಲ ಒರೆಸುವ ನಾನು, ಹೆಸರೇ ಇಲ್ಲದ ಬರೀ 'ಏ ಮೌಶಿ'. ರಾವ್ ಅನ್ನಿಸಿಕೊಳ್ಳಬೇಕಿದ್ದರೆ ರಬ್ಬರಾಗಿ ಹುಟ್ಟಬೇಕಿತ್ತು ನೋಡಿ.

ರೋಗಿ ಬಂದ ಕೂಡಲೇ ಸುತ್ತ ನಿಂತವರೆಲ್ಲ ತಮ್ಮ ಹೆಸರು, ಕೆಲಸ ಹೇಳಬೇಕು. ಆಮೇಲೆ ಡಾಕ್ಟರು "ಏನಾತು?" ಎಂದು ಕೇಳಬೇಕು, ಕರೆತಂದವರು ಹೇಳಬೇಕು.

"ಯಾರಿಗೆ ಏನ್ ತಪ್ಪು ಕಂಡ್ರೂ ಅಂಜದ ಹೇಳ್ರಿ. ಇಲ್ಲಿ ದೊಡ್ಡವ್ರು ಸಣ್ಣವ್ರು ಇಲ್ಲ, ನಾವೆಲ್ಲ ಒಂದೇ ಟೀಮು" ಎಂದು ಡಾಕ್ಟರು ಭಾಷಣ ಮಾಡಿದರು. ಟೀಮಿನ ಅರ್ಧ ಜನ ಒಳಗೆ ಕೂತು ಖಾರದ ಸಾರು ಸುರಿದ ಅವಲಕ್ಕಿ, ತರ್ರಿ ಪೋಹೆ ತಿಂದರು. ಉಳಿದರ್ಧ ತಟ್ಟೆ ತೊಳೆದೆವು.

ಆ ಮಧ್ಯಾಹ್ನವೇ ನನ್ನ ಜೊತೆಯ ಉಜ್ವಲಾಗೆ ಸೂಜಿ ಚುಚ್ಚಿತು. ಲಾರಿ ಅಪಘಾತದವನ ಚಾದರ ಸುತ್ತುವಾಗ, ಅದರಲ್ಲಿ ಎಸೆದಿದ್ದ ಸೂಜಿ ಅಂಗೈಗೆ ಇಳಿಯಿತು. ಸೂಜಿ ಹಾಕುವ ಡಬ್ಬಿ ಮಂಚದ ಪಕ್ಕದಲ್ಲೇ ಇದೆ. ಆದರೆ ಡಾಕ್ಟರ ಕೈಗೆ ಯಾವಾಗಲೂ ಚಾದರವೇ ಹತ್ತಿರ. ಆ ರೋಗಿಗೆ ಎಚ್‌ಐವಿ ಇದೆಯೆಂದು ಸಂಜೆ ಗೊತ್ತಾಯಿತು.

"ಲಗೂನ ಗುಳಿಗಿ ಶುರು ಮಾಡ್ಬೇಕವ್ವಾ. ಮೂರು ದಿನ ದಾಟಿದ್ರ ಉಪಯೋಗಿಲ್ಲ. ಒಂದ್ ತಿಂಗಳು ತಪ್ಪದ ನುಂಗ್ಬೇಕು. ಕಪಾಟಿನ್ಯಾಗ ಅದಾವು, ಡಾಕ್ಟರ್ ಹೂಂ ಅನ್ಬೇಕಷ್ಟ" ಎಂದರು ಸಿಸ್ಟರ್ ಭೋಯರ್.

ಡಾಕ್ಟರು ಹೂಂ ಅನ್ನಲಿಲ್ಲ.

"ಈ ವರ್ಷ ನಮ್ಮ ವಾರ್ಡಿನ್ಯಾಗ ಒಬ್ರಿಗೂ ಸೂಜಿ ಚುಚ್ಚಿಲ್ಲಂತ ಮುಂಬಯಿಗೆ ಬರದು ಕಳಿಸೇನಿ. ನಿನಗ ಕಡದದ್ದು ಸೊಳ್ಳಿ, ತಿಳೀತಿಲ್ಲೋ? ತಪಾಸಣಿ ಮುಗೀಲಿ, ನೋಡೂಣು."

"ತಪಾಸಣಿ ನಾಡದು ಐತಲ್ರಿ ಸಾಹೇಬ…" ಎಂದಳು ಉಜ್ವಲಾ.

"ಏನಾಗಂಗಿಲ್ಲ ಹೋಗು. ನಿಮ್ಮ ಮಂದಿ ಗಟಾರದಾಗ ಇಳದ್ರೂ ಸಾಯಂಗಿಲ್ಲ."

ಉಜ್ವಲಾಳ ಮಗುವಿಗೆ ಇನ್ನೂ ಹಲ್ಲು ಮೂಡಿಲ್ಲ. ಆ ಸಂಜೆಯಿಂದ ಅವಳು ಅದಕ್ಕೆ ಮೊಲೆ ಕೊಡಲಿಲ್ಲ. ಬಚ್ಚಲಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತ ಅಳುತ್ತಿದ್ದಳು.

ಭಗವಾನ್ ಬೀಡಿ ಆರಿಸಿ ನನ್ನ ಕಡೆ ತಿರುಗಿ, "ಚಂದ್ರಾಬಾಯಿ, ನಮ್ಮ ಗಣಪತರಾಯಗ ಒಂದೀಟು ರಜಾ ಕೊಡೂಣೇನು? ಪಾಪ, ದಿನಾ ಸತ್ತು ದಿನಾ ಬದುಕಿ ಹೈರಾಣಾಗ್ಯಾನ" ಎಂದ.

ತಪಾಸಣೆಯ ದಿನ ಮುಂಬಯಿಯವರು ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತರು. ಫೋಟೋದವನೂ ಬಂದಿದ್ದ. ಗಂಟೆ ಹೊಡೆಯಿತು. ಭಗವಾನ್ ಸ್ಟ್ರೆಚರ್ ದೂಡುತ್ತ, ನಾನು ಪಕ್ಕದಲ್ಲಿ ಓಡುತ್ತ ಒಳಗೆ ನುಗ್ಗಿದೆವು. ಚಾದರದಡಿ ಉಜ್ವಲಾ ಮಲಗಿದ್ದಳು. ಗಣಪತರಾಯರು ಬಚ್ಚಲಲ್ಲಿ ಬಕೆಟ್ಟಿನ ಮೇಲೆ ಕೂತು ವಿಶ್ರಾಂತಿ ಪಡೆಯುತ್ತಿದ್ದರು.

"ಡಾಕ್ಟರ್ ಪಾಟಣಕರ್, ಟೀಮಿನ ಮುಖ್ಯಸ್ಥ" ಎನ್ನುತ್ತ ಚಾದರ ಸರಿಸಿದ ಡಾಕ್ಟರು ಹಾಗೇ ಬಾಯಿ ತೆರೆದು ನಿಂತರು.

"ಭೋಯರ್, ಸಿಸ್ಟರ್."

"ಭಗವಾನ್ ಖಂಡಾರೆ, ಸ್ಟ್ರೆಚರ್."

"ಚಂದ್ರಭಾಗಾ ಖೋಬ್ರಾಗಡೆ, ಸಫಾಯಿ" ಎಂದೆ ನಾನು. ಆ ಕೋಣೆಯಲ್ಲಿ ನನ್ನ ಪೂರ್ತಿ ಹೆಸರು ಕೇಳಿ ನನಗೇ ಮೈ ಜುಮ್ಮೆಂದಿತು.

ಮುಂಬಯಿಯವರು ಕಾಯುತ್ತಿದ್ದರು. ಡಾಕ್ಟರು ಹಲ್ಲು ಕಚ್ಚಿ, "ಏನಾತು?" ಎಂದರು.

"ಮೊನ್ನಿ ಸೂಜಿ ಚುಚ್ಚೇತ್ರಿ. ಎಚ್‌ಐವಿ ಪೇಶಂಟಂದು. ಇದ ವಾರ್ಡಿನ ಚಾದರದಾಗಿತ್ತು. ಇನ್ನೂ ಗುಳಿಗಿ ಕೊಟ್ಟಿಲ್ಲ. ತಪ್ಪು ಕಂಡ್ರ ಅಂಜದ ಹೇಳ್ರಿ ಅಂದಿದ್ರಲ್ರಿ, ಹೇಳೇನಿ" ಎಂದೆ.

ಡಾಕ್ಟರು ನನ್ನನ್ನು ನೋಡಿದರು, ಫೋಟೋದವನನ್ನು ನೋಡಿದರು.

"ಸಿಸ್ಟರ್… ಗುಳಿಗಿ ಕೊಡ್ರಿ."

ಸಿಸ್ಟರ್ ಕಪಾಟಿನ ಕಡೆ ತಿರುಗಲೂ ಇಲ್ಲ. ಗುಳಿಗೆಯ ಡಬ್ಬಿ ಆಗಲೇ ಅವರ ಜೇಬಿನಲ್ಲಿತ್ತು. ಉಜ್ವಲಾ ಎದ್ದು ಕೂತು, ಕಣ್ಣೊರೆಸಿಕೊಂಡು ಡಬ್ಬಿ ಇಸಿದುಕೊಂಡು, ಮೊದಲ ಗುಳಿಗೆ ನುಂಗಿದಳು.

ಮುಂಬಯಿಯವರು ಚಪ್ಪಾಳೆ ತಟ್ಟಿದರು. "ಬೊಂಬಿ ಬಿಟ್ಟು ಮನುಷ್ಯಾಳನ್ನ ಮಲಗಿಸೀರಿ, ಭಾರಿ ಐತಿ ವಿಚಾರ! ಏನ್ ಆಕ್ಟಿಂಗ್ ಮಾಡ್ತಾಳ್ರಿ ಈ ಹುಡುಗಿ, ಕಣ್ಣಾಗ ನೀರು ಸುದ್ದಾ ತಂದಾಳ!"

ಡಾಕ್ಟರು ನಕ್ಕು ಕೈಮುಗಿದರು. ಅವರೆಲ್ಲ ಊಟಕ್ಕೆ ಹೊರಟರು.

ಬಾಗಿಲು ಮುಚ್ಚಿದ ಮೇಲೆ ಡಾಕ್ಟರು ಕೈ ಚಾಚಿದರು. "ನಾಟಕ ಮುಗೀತಲ್ಲ? ತಾ ಇಲ್ಲೆ ಆ ಡಬ್ಬಿ."

ಉಜ್ವಲಾ ಡಬ್ಬಿಯನ್ನು ಕುಪ್ಪಸದೊಳಗೆ ತುರುಕಿಕೊಂಡಳು. ಸ್ಟ್ರೆಚರಿನಿಂದ ಇಳಿಯಲಿಲ್ಲ. ನಾನು, ಭಗವಾನ್, ಸಿಸ್ಟರ್ ಅದರ ಸುತ್ತ ನಿಂತೆವು.

"ನಿಮ್ದು ಮುಗೀತ್ರಿ ಸಾಹೇಬ" ಎಂದಳು. "ನಂದು ಒಂದ್ ತಿಂಗಳದ್ದೈತಿ."