ಚಂದ್ರಮೌಳಿಯವರ ಕುರ್ಚಿ

"ನಲವತ್ತೊಂದು ಸೆಂಟಿಮೀಟರ್," ಎಂದು ಪ್ರತೀಕ್ಷಾ ಅಳತೆ ಟೇಪನ್ನು ಸರಕ್ಕನೆ ಒಳಗೆ ಬಿಟ್ಟಳು. "ತುಂಬಾ ತಗ್ಗು ಅಂಕಲ್. ನಿಮ್ಗೆ ಐವತ್ತಾದ್ರೂ ಬೇಕು. ಇದ್ರಲ್ಲಿ ಕೂತು ಎದ್ರೆ ಹೊಸ ಕೀಲು ಜಾರತ್ತೆ. ಮೂರು ತಿಂಗಳು ಇದರ ಹತ್ರ ಹೋಗೋ ಹಾಗಿಲ್ಲ."

ನ್ಯೂಜಿಲೆಂಡಿನ ಡನೀಡಿನ್‌ ಊರಿನ ಹಿಮಗಟ್ಟಿದ ಇಳಿಜಾರಿನಲ್ಲಿ ಜಾರಿಬಿದ್ದು, ಸೊಂಟದ ಕೀಲು ಬದಲಾಯಿಸಿಕೊಂಡು, ಆ ಬೆಳಿಗ್ಗೆಯಷ್ಟೇ ಮನೆಗೆ ಬಂದಿದ್ದ ಚಂದ್ರಮೌಳಿಯವರು ವಾಕರ್ ಹಿಡಿದು ನಿಂತೇ ಇದ್ದರು. ರೋಗಿಗಳು ಮನೆಯಲ್ಲಿ ಎಲ್ಲಿ ಕೂರಬೇಕು, ಏನು ಹಿಡಿದು ಏಳಬೇಕು ಎಂದು ನೋಡುವುದೇ ಆಸ್ಪತ್ರೆಯಲ್ಲಿ ಪ್ರತೀಕ್ಷಾಳ ಕೆಲಸ. ಅವಳು ಮೈಸೂರಿನವಳೆಂದು ತಿಳಿದ ಮೇಲೆ ಜಗಳ ಕನ್ನಡದಲ್ಲೇ ನಡೆದಿತ್ತು.

"ಕೆಳಗೇನಾದ್ರೂ ಕೊಟ್ಟು ಎತ್ತರಿಸಮ್ಮ."

"ಬ್ಲಾಕ್ ತಂದಿದೀನಿ. ಆದ್ರೆ ಇದರ ಕಾಲು ಓರೆ, ತುದಿ ಸಪೂರ. ನಿಲ್ಲಲ್ಲ."

"ಸಪೂರ ಇರೋದೇ ಅದರ ಚಂದ! ಕಣ್ಮುಚ್ಕೊಂಡು ಸವರು. ಕೈ ಎಲ್ಲಿ ಮುಗೀತು, ಬೆನ್ನು ಎಲ್ಲಿ ಶುರುವಾಯ್ತು ಹೇಳು ನೋಡೋಣ."

ಪ್ರತೀಕ್ಷಾ ಸವರಿದಳು. ತೇಗದ ನುಣುಪಿನಲ್ಲಿ ಬೆರಳಿಗೆ ಸಂದೇ ಸಿಗಲಿಲ್ಲ. ಅರವತ್ತು ವರ್ಷದ ಹಿಂದೆ ಡೆನ್ಮಾರ್ಕಿನ ಯಾವನೋ ಪುಣ್ಯಾತ್ಮ ಒಂದು ಮೊಳೆಯನ್ನೂ ಹೊಡೆಯದೆ ಕೂಡಿಸಿದ ಕುರ್ಚಿ ಅದು. ಚಂದ್ರಮೌಳಿಯವರು ಇಲ್ಲಿಗೆ ಓದಲು ಬಂದ ವರ್ಷ, ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲಿನಲ್ಲಿ ಕೊಂಡು, ತಲೆಯ ಮೇಲೆ ಹೊತ್ತು ತಂದಿದ್ದರು. ಕೂರುವ ಜಾಗದ ಕಾಗದದ ಹುರಿ ಸವೆದಾಗ ತಾವೇ ಹೊಸದಾಗಿ ಹೆಣೆದಿದ್ದರು.

"ಚಂದ ಇದೆ ಅಂಕಲ್. ಆದ್ರೂ ಬೇಡ."

"ಹಾಗಾದ್ರೆ ನಿಂತೇ ಇರ್ತೀನಿ."

ಹಿಡಿದ ಮೊಲಕ್ಕೆ ಮೂರೇ ಕಾಲು. ಪ್ರತೀಕ್ಷಾ ಆಸ್ಪತ್ರೆಯ ಎತ್ತರದ ಬೂದು ಕುರ್ಚಿಯನ್ನು ತಂದಿಟ್ಟು, ಅವರ ಹೆಂಡತಿ ಶ್ರೀಲಕ್ಷ್ಮಿಯವರ ಕಡೆ ತಿರುಗಿದಳು. "ಆಂಟಿ, ಇದು ಕಣ್ಮುಂದೆ ಇದ್ರೆ ಇವ್ರು ಕೂತೇ ಕೂರ್ತಾರೆ. ಗ್ಯಾರೇಜಿಗೆ ಹಾಕ್ಬಿಡೋಣ."

ಚಂದ್ರಮೌಳಿಯವರ ಮುಖ ಸಣ್ಣಗಾಯಿತು. ಅದನ್ನು ನೋಡಿ ಶ್ರೀಲಕ್ಷ್ಮಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

"ಆ ತಂಡೀಲಿ ಬೇಡ, ಮರ ಹಾಳಾಗತ್ತೆ. ಖಾಲಿ ಇದ್ರೆ ತಾನೇ ಇವ್ರಿಗೆ ಆಸೆ?" ಎಂದವರೇ ಸೆರಗು ಸರಿಮಾಡಿಕೊಂಡು ತಾವೇ ಕೂತುಬಿಟ್ಟರು.

ನಲವತ್ತು ವರ್ಷ ಆ ಕುರ್ಚಿಯ ಧೂಳು ಒರೆಸಿ ಎಣ್ಣೆ ಹಚ್ಚಿದ್ದರೇ ಹೊರತು ಅವರು ಅದರಲ್ಲಿ ಕೂತದ್ದಿಲ್ಲ. ಯಾರೂ ಬೇಡ ಎಂದಿರಲಿಲ್ಲ; ಅದರಲ್ಲಿ ಯಾವಾಗಲೂ ಗಂಡ ಇರುತ್ತಿದ್ದರು, ಅಷ್ಟೇ. ಶ್ರೀಲಕ್ಷ್ಮಿಯ ಬೆನ್ನು ತಾನಾಗಿ ಹಿಂದಕ್ಕೆ ಒರಗಿತು. ಬಾಗಿದ ಮರದ ತುದಿಯಲ್ಲಿ ಅಂಗೈ ಹೋಗಿ ಕೂತಿತು. "ಅಯ್ಯೋ ದೇವ್ರೇ," ಎಂದರು ಮೆಲ್ಲಗೆ, ಕಣ್ಣು ಮುಚ್ಚಿ.

ಚಂದ್ರಮೌಳಿಯವರು ಹೆಂಡತಿಯನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಶ್ರೀಲಕ್ಷ್ಮಿ ಕಣ್ಣು ತೆರೆದರು. "ಏನ್ರೀ, ಹಾಗೆ ನೋಡ್ತೀರಾ? ಎದ್ಬಿಡ್ಲಾ?"

"ಬೇಡ, ಇರು," ಎಂದ ಅವರು ಪ್ರತೀಕ್ಷಾಳಿಗೆ ಸನ್ನೆ ಮಾಡಿ, ಬೂದು ಕುರ್ಚಿಯನ್ನು ಹೆಂಡತಿಗೆ ಎದುರಾಗಿ ತಿರುಗಿಸಿಕೊಂಡರು. ಆಮೇಲೆ, ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಕಾಲು ಮುಂದೆ ಚಾಚಿ, ನಿಧಾನವಾಗಿ ಕೂತರು.